ಅಕ್ಕೋರದು ಯಾವೂರು?

ಹೆಣ್ಣು ಕೊಡುವ ಮುಂಚೆ ಹತ್ತು ಕಡೆ ವಿಚಾರಿಸುತ್ತೇವೆ. ಎತ್ತು ಕೊಳ್ಳುವ ಮುಂಚೆ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಆದರೆ ಆರು ವರ್ಷದ ಮಗುವನ್ನು ದಿನವೆಲ್ಲ ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ಕೇಳುವವರು ಕಡಿಮೆ. ಶಾಲೆಯೂ ತಾನಾಗಿ ಹೇಳುವುದಿಲ್ಲ. ದಾಖಲಾತಿ ಅರ್ಜಿಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಹುಟ್ಟಿದ ತಾರೀಖು ಎಲ್ಲಕ್ಕೂ ಜಾಗವಿದೆ; ಕಲಿಸುವವಳ ಹೆಸರಿಗೆ ಜಾಗವಿಲ್ಲ.

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಲ್ಲಿ ಕಲಿಸುವವಳು. ನಮ್ಮಲ್ಲಿ ಏಪ್ರಿಲ್‌ನಲ್ಲಿ ರಜೆ ಬಿಟ್ಟರೆ ಶಾಲೆ ತೆರೆಯುವುದು ಮೇ ಕೊನೆಗೆ. ಆಗ ದಾಖಲಾತಿ ಆಂದೋಲನವೆಂದು ಮಕ್ಕಳ ಕೈಗೆ ಫಲಕ ಕೊಟ್ಟು, ಘೋಷಣೆ ಕೂಗಿಸುತ್ತ ಊರು ಸುತ್ತುತ್ತೇವೆ. ಪ್ರಾರಂಭೋತ್ಸವಕ್ಕೆ ತೋರಣ ಕಟ್ಟಿ ಸಿಹಿ ಹಂಚುತ್ತೇವೆ. ಅದೆಲ್ಲ ಇರಲಿ. ಆದರೆ ಮೆರವಣಿಗೆ ಬಂದರೆ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗಿಬಿಡುತ್ತಾರೆ. ಪರಿಚಯವಾಗುವುದು ಕಟ್ಟೆಯ ಮೇಲೆ ಕುಳಿತಾಗ.

ಆದ್ದರಿಂದ ಶಾಲೆ ತೆರೆಯುವ ಹತ್ತು ಹನ್ನೆರಡು ದಿನ ಮೊದಲೇ, ಒಂದನೆಯ ತರಗತಿಗೆ ಬರುವ ಮಕ್ಕಳ ಮನೆಗಳಿಗೆ ಹೋಗುವ ರೂಢಿ ಇಟ್ಟುಕೊಂಡಿದ್ದೇನೆ. ಹೆಸರುಗಳು ಅಂಗನವಾಡಿಯಲ್ಲಿ ಸಿಗುತ್ತವೆ. ಬಿಸಿಲು ಏರುವ ಮುಂಚೆ ಹೋಗಬೇಕು, ಇಲ್ಲವೇ ದೀಪ ಹಚ್ಚಿದ ಮೇಲೆ. ಮೇ ತಿಂಗಳೆಂದರೆ ಶ್ಯಾವಿಗೆ, ಸಂಡಿಗೆ, ಹಪ್ಪಳದ ಕಾಲ. ನಾಲ್ಕು ಹೆಂಗಸರು ಒಂದೇ ಕಡೆ ಸಿಗುತ್ತಾರೆ. ಕೈಯಲ್ಲಿ ರಜಿಸ್ಟರ್ ಇರಬಾರದು. ರಜಿಸ್ಟರ್ ಕಂಡರೆ ಗಣತಿಗೆ ಬಂದವರೆಂದು ತಿಳಿಯುತ್ತಾರೆ. ಆಮೇಲೆ ಬರುವ ಉತ್ತರಗಳೇ ಬೇರೆ. ನಾನು ಹಪ್ಪಳ ತಿರುವಿ ಹಾಕುತ್ತ ನನ್ನ ವಿಷಯವನ್ನೇ ಮೊದಲು ಹೇಳುತ್ತೇನೆ.

"ಯಾವೂರ್ರಿ ಅಕ್ಕೋರ ನಿಮ್ದು?" ಎಂಬುದು ಮೊದಲ ಪ್ರಶ್ನೆ. ತವರು ಮುದ್ದೇಬಿಹಾಳದ ಕಡೆ ಎಂದರೆ ಅಲ್ಲಿ ಅವರ ಬೀಗರು ಯಾರಾದರೂ ಇದ್ದೇ ಇರುತ್ತಾರೆ. ಮಕ್ಕಳೆಷ್ಟು, ಏನು ಓದಿದ್ದಾರೆ ಎಂಬುದು ಎರಡನೆಯದು. ಮೂರನೆಯದನ್ನು ಸ್ವಲ್ಪ ತಡೆದು ಕೇಳುತ್ತಾರೆ: "ಹುಡುಗೂರ್ನ ಬಡೀತೀರೇನ್ರಿ?" ಇಲ್ಲ ಎನ್ನುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳನ್ನು ಹೊಡೆಯುವುದಕ್ಕೆ ನಿಷೇಧವಿದೆ ಎಂದೂ ಹೇಳುತ್ತೇನೆ. ಆದರೆ ತಾಯಿ ಕಾಯ್ದೆಯನ್ನು ಕೇಳುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಮುಖ ಒಪ್ಪಿಗೆಯಾದರೆ ಆಗ ಅವಳ ಮಾತು ಶುರು: "ಇಕಿ ಒಂದಕ್ಕ ಬಂದ್ರೂ ಹೇಳಾಕ ನಾಚ್ತಾಳ್ರಿ." "ಇಂವಗ ಎಡಗಿವಿ ಮಂದ ಐತ್ರಿ." ಇವು ಯಾವ ಅರ್ಜಿಯಲ್ಲೂ ಬರುವ ಮಾತುಗಳಲ್ಲ. ಬಂದಿದ್ದರೆ ಎಷ್ಟೋ ಮಕ್ಕಳು ದಡ್ಡರೆಂದು ಹಿಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲ.

ಇನ್ನೊಂದು ಮಾತು. ಮನೆಗೆ ಹೋದ ಕೂಡಲೇ ತಂಬಿಗೆಯಲ್ಲಿ ನೀರು ಬರುತ್ತದೆ, ಹಿಂದೆಯೇ ಚಹಾ. ಒಂದು ಓಣಿಯಲ್ಲಿ ಚಹಾ ಕುಡಿದು, ಇನ್ನೊಂದು ಓಣಿಯಲ್ಲಿ "ಈಗಷ್ಟೇ ಆತ್ರಿ" ಎಂದರೆ ಅದರ ಅರ್ಥ ಊರಿಗೆಲ್ಲ ಗೊತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ತಾಲ್ಲೂಕಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ, ಆಗ ಬಿಜಾಪುರವೆನ್ನುತ್ತಿದ್ದ ನಮ್ಮ ಜಿಲ್ಲೆಯೂ ಒಂದು. ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಆದರೂ ಕೇರಿಯ ತಾಯಿಯೊಬ್ಬಳು "ನಮ್ಮ ಹುಡುಗನ್ನ ಎಲ್ಲಾರ ಜೋಡಿ ಕುಂದ್ರಸ್ತೀರೇನ್ರಿ?" ಎಂದು ಕೇಳಿದಾಗ, ಬಾಯಿಮಾತಿನ ಉತ್ತರಕ್ಕಿಂತ ಅವಳ ಮನೆಯ ಲೋಟವನ್ನು ಬರಿದು ಮಾಡಿದ್ದೇ ಅವಳಿಗೆ ಹೆಚ್ಚು ಖಾತ್ರಿಯಾಯಿತು.

ನಮ್ಮ ಕಡೆಯ ದೊಡ್ಡ ಕಷ್ಟ ಗುಳೆ. ಮಳೆ ಕೈಕೊಟ್ಟರೆ ಸಂಸಾರ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗಂಟು ಕಟ್ಟುತ್ತದೆ. ಒಂದು ವರ್ಷ ಹೀಗೆ ಹೋದಾಗ ಒಬ್ಬ ತಾಯಿ ನೇರವಾಗಿ ಹೇಳಿದಳು: "ದಸರಾ ಮುಗದ್ರ ಗೋವಾಕ್ಕ ಹೊಂಟೀವ್ರಿ. ಈಗ್ಯಾಕ ಹೆಸರ ಹಚ್ಚೂದು?" ಮಗಳು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದಳು. ದುಡಿಯಲು ಹೋದಾಗ ಕೂಸನ್ನು ನೋಡಿಕೊಳ್ಳಲು ಅವಳೇ ಬೇಕು. ನಾನು ವಾದ ಮಾಡಲಿಲ್ಲ. ಇದ್ದಷ್ಟು ದಿನ ಬರಲಿ, ಎಲ್ಲಿಗೆ ಹೋದರೂ ವರ್ಷದ ಮಧ್ಯದಲ್ಲೂ ಸರಕಾರಿ ಶಾಲೆ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಇಲ್ಲವೆನ್ನುವಂತಿಲ್ಲ ಎಂದು ತಿಳಿಸಿದೆ. ನನ್ನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ಹುಡುಗಿ ಶಾಲೆಗೆ ಬಂದಳು. ದಸರಾ ಕಳೆದ ಮೇಲೆ ತಾಯಿ ಶಾಲೆಯ ಬಾಗಿಲಿಗೆ ಬಂದು, "ಇಕಿನ್ನ ಆಯಿ ಕಡೆ ಬಿಟ್ಟ ಹೊಂಟೀನ್ರಿ, ನಿಮ್ಮ ಮ್ಯಾಲೆ ಬಿಟ್ಟೀನಿ" ಎಂದಳು. ಶಾಲೆಯ ಮೇಲೆ ಎನ್ನಲಿಲ್ಲ. ಆ ಮಾತಿನ ಭಾರ ವರ್ಷಪೂರ್ತಿ ನನ್ನ ಬೆನ್ನ ಮೇಲಿತ್ತು. ಎಲ್ಲ ಸಲ ಹೀಗಾಗುವುದಿಲ್ಲ. ಕರೆದುಕೊಂಡು ಹೋದವರೂ ಇದ್ದಾರೆ. ಆದರೆ ಅವರಲ್ಲಿ ಕೆಲವರು ಅಲ್ಲಿಂದ ಫೋನ್ ಮಾಡಿ ಕಾಗದ ಕೇಳಿದ್ದಾರೆ. ಪರಿಚಯವಿಲ್ಲದಿದ್ದರೆ ಯಾರಿಗೆಂದು ಮಾಡುತ್ತಿದ್ದರು?

ಜಪಾನಿನಲ್ಲಿ ಏಪ್ರಿಲ್‌ನಲ್ಲಿ ಶಾಲೆ ಆರಂಭವಾದ ಮೇಲೆ ಗುರುಗಳು ಮಕ್ಕಳ ಮನೆಗೆ ಹೋಗಿ ಬರುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ನಮ್ಮಲ್ಲಿ ಸುತ್ತೋಲೆ ಬರಲಿ ಎಂದು ಕಾಯಬೇಕಾಗಿಲ್ಲ. ದಿನಕ್ಕೆ ನಾಲ್ಕು ಮನೆಯಾದರೆ ಒಂದು ತರಗತಿ ವಾರದಲ್ಲಿ ಮುಗಿಯುತ್ತದೆ.

ಪಟ್ಟಣದ ತಾಯಂದಿರಿಗೂ ಒಂದು ಮಾತು. ನಿಮ್ಮ ಮಗುವಿನ ಟೀಚರ್ ನಿಮ್ಮ ಮನೆಗೆ ಬರದಿದ್ದರೆ ನೀವೇ ಹೋಗಿ. ಅಂಕಪಟ್ಟಿ ಕೊಡುವ ದಿನದವರೆಗೆ ಕಾಯಬೇಡಿ. ಮಗುವಿನ ಕೈ ಹಿಡಿದುಕೊಂಡು ಹೋಗಿ, ಸಂಕೋಚಪಡದೆ ಆಕೆಯ ಹೆಸರು ಕೇಳಿ, ಯಾವೂರು ಎಂದು ಕೇಳಿ. ನಾವೂ ಒಬ್ಬರ ಮನೆಯ ಹೆಣ್ಣುಮಕ್ಕಳೇ. ತವರಿನ ಹೆಸರು ಕೇಳಿದರೆ ನಮಗೂ ಸಂತೋಷವಾಗುತ್ತದೆ.