ಶತ್ರುವಿನ ತಲೆಗೆ 50,000 ಡಾಲರ್

1898ರ ಫೆಬ್ರುವರಿ 15ರ ರಾತ್ರಿ, ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಮೇನ್’ ಸಿಡಿದು 260ಕ್ಕೂ ಹೆಚ್ಚು ಮಂದಿ ಸತ್ತರು. ಎರಡೇ ದಿನದಲ್ಲಿ, ನೌಕಾಪಡೆಯ ವಿಚಾರಣೆ ಶುರುವಾಗುವ ಮೊದಲೇ, ಪತ್ರಿಕಾ ಒಡೆಯ ಹರ್ಸ್ಟ್‌ನ ‘ನ್ಯೂಯಾರ್ಕ್ ಜರ್ನಲ್’ ಇದು ಶತ್ರುವಿನ ಕೆಲಸವೆಂದು ಮುಖಪುಟದಲ್ಲಿ ಸಾರಿತು; ತಪ್ಪಿತಸ್ಥರನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನವನ್ನೂ ಘೋಷಿಸಿತು. ಆಟ ಇರುವುದೇ ಆ ಬಹುಮಾನದಲ್ಲಿ. ಅಪಘಾತಕ್ಕೆ ಯಾರೂ ಇನಾಮು ಕಟ್ಟುವುದಿಲ್ಲ. ಹಣ ಮುಂದಿಟ್ಟ ಕ್ಷಣವೇ ‘ಏನಾಯಿತು’ ಎಂಬ ಪ್ರಶ್ನೆ ಸತ್ತು ‘ಯಾರು ಮಾಡಿದರು’ ಎಂಬುದಷ್ಟೇ ಉಳಿಯಿತು. ಮಾರ್ಚ್‌ನಲ್ಲಿ ಬಂದ ವರದಿ ಹೊರಗಿನ ಸ್ಫೋಟಕವೇ ಕಾರಣವೆಂದರೂ ಯಾರ ಮೇಲೂ ಹೊಣೆ ಹೊರಿಸಲಿಲ್ಲ. ಓದುಗರಿಗೆ ಹೆಸರು ಆಗಲೇ ಗೊತ್ತಿತ್ತಲ್ಲ! ಏಪ್ರಿಲ್‌ನಲ್ಲಿ ಸ್ಪೇನ್ ವಿರುದ್ಧ ಯುದ್ಧ. ಹಡಗಿನೊಳಗಿನ ಕಲ್ಲಿದ್ದಲಿನ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗಲಿರಬಹುದೆಂದು ಅಡ್ಮಿರಲ್ ರಿಕೋವರ್ ಅವರ ಅಧ್ಯಯನ ಹೇಳಿದ್ದು 1976ರಲ್ಲಿ.

ಹಾಗೆಂದು ಪತ್ರಿಕೆಗಳೇ ಯುದ್ಧ ಹುಟ್ಟಿಸಿದವು ಎನ್ನುವುದು ಹರ್ಸ್ಟ್‌ಗೆ ಕೊಡಬಾರದಷ್ಟು ದೊಡ್ಡ ಕಿರೀಟ. ಕ್ಯೂಬಾದ ಹಳ್ಳಿಗರನ್ನು ಸ್ಪೇನ್‌ನ ಜನರಲ್ ವೈಲರ್ ಶಿಬಿರಗಳಿಗೆ ತುಂಬಿದ್ದು, ಅಲ್ಲಿ ಜನ ಹಸಿವು, ರೋಗಗಳಿಂದ ಸತ್ತದ್ದು ಕಟ್ಟುಕತೆಯಲ್ಲ. ಆ ಶಿಬಿರಗಳನ್ನು ಕಣ್ಣಾರೆ ಕಂಡುಬಂದ ಸೆನೆಟರ್ ಪ್ರಾಕ್ಟರ್ ಮಾರ್ಚ್ 17ರಂದು ಮಾಡಿದ ಶಾಂತ ಭಾಷಣ, ಇಂಥ ಪತ್ರಿಕೆಗಳನ್ನು ಹೀಗಳೆಯುತ್ತಿದ್ದ ಉದ್ಯಮಿಗಳನ್ನೂ ಅಲುಗಿಸಿತು. ಒಪ್ಪೋಣ. ಆದರೆ ಇದರಿಂದ ಪತ್ರಿಕೆಗಳ ಪಾಲು ಕುಗ್ಗುವುದಿಲ್ಲ, ಸ್ಪಷ್ಟವಾಗುತ್ತದೆ. ಅವು ಸಂಕಟವನ್ನು ಸೃಷ್ಟಿಸಲಿಲ್ಲ. ನಿಜವಾದ ಸಂಕಟಕ್ಕೆ ಯುದ್ಧವೊಂದೇ ಮದ್ದು ಎಂದು ನಂಬಿಸಿದವು. ಕ್ಯೂಬಾದ ಬಿಡುಗಡೆಗೆಂದು ಕೈತಟ್ಟಿದ ಓದುಗರಿಗೆ ವರ್ಷಾಂತ್ಯದ ಒಪ್ಪಂದದಲ್ಲಿ ಸಿಕ್ಕಿದ್ದು, ಸ್ಪೇನ್‌ಗೆ 2 ಕೋಟಿ ಡಾಲರ್ ಕೊಟ್ಟು ಪಡೆದ ಫಿಲಿಪ್ಪೀನ್ಸ್.