ಸೋಂಪುರದಲ್ಲಿ ಹಿಮದಾಟ

ಬೆಂಗಳೂರಿನಿಂದ ತುಮಕೂರಿನತ್ತ ಸಾಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆ ಸಮೀಪಿಸುತ್ತಲೇ ಎಡಗಡೆಗೆ ಶಿವಗಂಗೆಯ ಬೆಟ್ಟ ಗೋಚರಿಸಬೇಕು. ಪುಷ್ಯಮಾಸದ ಆ ಮುಂಜಾನೆ ಮಂಜು ಬೆಟ್ಟವನ್ನು ಬುಡಸಹಿತ ಮರೆಮಾಡಿತ್ತು. ಭಕ್ತರೊಬ್ಬರ ಆಹ್ವಾನದ ಮೇರೆಗೆ ನಾವು ಸೋಂಪುರಕ್ಕೆ ಹೊರಟಿದ್ದೆವು. ಒಂದೆಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಇನ್ನೊಂದೆಡೆ ರಾಗಿಯ ಕೊಯ್ಲು ಮುಗಿದು ಅವರೆಯ ಸಾಲುಗಳಷ್ಟೇ ಉಳಿದ ಹೊಲಗಳು.

ಆತಿಥೇಯರ ನಾಲ್ಕು ವರ್ಷದ ಮೊಮ್ಮಗಳನ್ನು ಶಿಶುವಿಹಾರಕ್ಕೆ ಬಿಡಲು ನಾವೂ ಜೊತೆಗೂಡಿದೆವು. ಅಲ್ಲಿ ಅಂದು ‘ಹಿಮದಾಟ’. ಗೋಡೆಯ ಮೇಲೆ ಹತ್ತಿಯ ಹಿಮ, ತಟ್ಟೆಯಲ್ಲಿ ಅಕ್ಕಿಹಿಟ್ಟಿನ ಹಿಮ, ಬೋಗುಣಿಯಲ್ಲಿ ಸಾಬೂನು ನೊರೆಯ ಹಿಮ! ನಮಗೆ ಒಳಗೊಳಗೇ ಅಸಮಾಧಾನವಾಯಿತು. ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ಉಷ್ಣತೆಯೇ ೧೮೮೪ರ ಜನವರಿಯ ೭.೮ ಡಿಗ್ರಿ ಸೆಲ್ಸಿಯಸ್. ಇಂಥ ಸೀಮೆಯ ಶಿಶುಗಳಿಗೆ ವಿಲಾಯಿತಿ ಚಿತ್ರಪುಸ್ತಕದ ಹಿಮವೇಕೆ ಎಂದು ಶಿಕ್ಷಕಿಯನ್ನು ಕೇಳಿಯೇಬಿಟ್ಟೆವು. “ಪಾಠದಲ್ಲಿ ಹಿಮಾಲಯ ಬರುತ್ತದೆ ಶಾಸ್ತ್ರಿಗಳೇ, ಮುಟ್ಟದೆ ಹೇಗೆ ತಿಳಿದೀತು?” ಎಂದರಾಕೆ.

ಬಳಿಕ ಚೆಂಡುಹೂವಿನ ಎಸಳುಗಳನ್ನು ಒಳಗಿಟ್ಟು ಹೆಪ್ಪುಗಟ್ಟಿಸಿದ್ದ ದೊಡ್ಡ ಮಂಜುಗಡ್ಡೆಯೊಂದು ಬಂದಿತು. ನಮ್ಮ ಹುಡುಗಿ ಅಂಗೈಯೂರಿ, ಥಟ್ಟನೆ ಹಿಂದೆಳೆದುಕೊಂಡು “ಸುಡುತ್ತೆ!” ಎಂದಳು. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ.

ಕಾರಣವುಂಟು. ಪಾಠಶಾಲೆಯಲ್ಲಿ ನಾವು ಎಷ್ಟೋ ವರ್ಷ ಕಾಳಿದಾಸನ ಕುಮಾರಸಂಭವದ ಹಿಮಾಲಯ ವರ್ಣನೆಯನ್ನು ಬೋಧಿಸಿದವರು. ಹಿಮವೆಂದರೆ ಬಿಳುಪು, ತಂಪು, ಮೃದು ಎಂದೇ ಅರ್ಥ ಹೇಳುತ್ತಿದ್ದೆವು. ಐವತ್ತು ದಾಟಿದ ಮೇಲೆ ಕೇದಾರಯಾತ್ರೆ ಕೂಡಿಬಂದಿತು. ಅಲ್ಲಿನ ರಾವಲರು ಕರ್ನಾಟಕ ಮೂಲದ ವೀರಶೈವರೆಂಬುದು ವಾಚಕರಿಗೆ ವಿದಿತವೇ. ೩,೫೮೩ ಮೀಟರ್ ಎತ್ತರದ ಆ ದೇಗುಲ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಪೂಜೆ ಊಖೀಮಠದಲ್ಲಿ ನಡೆಯುತ್ತದೆ. ವೈಶಾಖದಲ್ಲಿ ಬಾಗಿಲು ತೆರೆದ ಕೆಲವೇ ದಿನಗಳಿಗೆ ನಾವು ಹೋದಾಗ ದಾರಿಬದಿಯಲ್ಲಿ ಹಳೆಯ ಹಿಮ ಬಿದ್ದಿತ್ತು. ಬೂದುಬಣ್ಣ, ಕಲ್ಲುಪ್ಪಿನಂಥ ಹರಳು. ಮುಷ್ಟಿಯಲ್ಲಿ ಹಿಡಿದೆವು. ಅಂಗೈ ಸುಟ್ಟಿತು! ಅದುವರೆಗಿನ ನಮ್ಮ ಪಾಠವೆಲ್ಲ ಹತ್ತಿಯ ಹಿಮವೇ ಆಗಿತ್ತು.

ಅತಿಶೀತವು ಚರ್ಮದಲ್ಲಿ ನೋವನ್ನರಿಯುವ ನರಗಳನ್ನೂ ಕೆರಳಿಸುವುದರಿಂದ ಹೀಗಾಗುತ್ತದೆ. ಆದ್ದರಿಂದ ಮಕ್ಕಳು ಮಂಜುಗಡ್ಡೆಯನ್ನು ಬಹಳ ಹೊತ್ತು ಹಿಡಿಯಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಸಣ್ಣ ಚೂರು ಕೊಡಲೇಬಾರದು. ಅಲ್ಲಿ ಒಂದು ಮಗು ಥರ್ಮೊಕೋಲಿನ ಗುಂಡನ್ನು ಮೂಗಿಗೆ ತುರುಕಲು ಹೊರಟಿದ್ದನ್ನು ಕಂಡು ಶಿಕ್ಷಕಿ ಗುಂಡುಗಳನ್ನೆಲ್ಲ ಎತ್ತಿಟ್ಟರು. ನೊರೆಯೂ ಕಣ್ಣಿಗೆ ಉರಿ. ಮನೆಯಲ್ಲಿ ಆಡಿಸುವ ತಾಯಂದಿರಿಗೆ ಅಕ್ಕಿಹಿಟ್ಟು ಧಾರಾಳವಾಗಿ ಸಾಕು.

ಅಷ್ಟರಲ್ಲಿ ಹುಡುಗಿ ಕಿಟಕಿಯತ್ತ ಕೈಮಾಡಿ, “ಅದೂ ಮಂಜಾ?” ಎಂದಳು. ಕೇದಾರವನ್ನು ಹೂಳುವುದಕ್ಕೂ ಅವರೆಯ ಮೇಲೆ ಇಳಿಯುವುದಕ್ಕೂ ಕನ್ನಡದಲ್ಲಿ ಅದೊಂದೇ ಮಾತು. ಮಗು ತಬ್ಬಿಬ್ಬಾದುದರಲ್ಲಿ ಆಶ್ಚರ್ಯವಿಲ್ಲ. ಶಿಕ್ಷಕಿಯ ಸಮ್ಮತಿ ಪಡೆದು ಮಕ್ಕಳನ್ನು ಪಕ್ಕದ ಹೊಲಕ್ಕೆ ಕರೆದೊಯ್ದೆವು. ಇಬ್ಬನಿಯಲ್ಲಿ ತೊಯ್ದ ಕಾಯಿಗಳನ್ನು ಸವರಿ ಎಲ್ಲರೂ ಕೈ ಮೂಸಿಕೊಂಡರು. ಆ ಸೊಗಡು ಮಧ್ಯಾಹ್ನದವರೆಗೆ ನಮ್ಮ ಬೆರಳಲ್ಲೂ ಇತ್ತು. ಮನೆಯಲ್ಲಿ ಅಜ್ಜಿ ನೆನೆಹಾಕಿದ್ದ ಅವರೆಕಾಳನ್ನು ಹುಡುಗಿ ಹಿತುಕತೊಡಗಿದಳು. ಬೇಳೆ ಪುಟಿದು ನಮ್ಮ ಪಂಚೆಯ ಮೇಲೆ ಬಿದ್ದಾಗಲೆಲ್ಲ ಕೇಕೆ.

ಹೊರಡುವ ಹೊತ್ತಿಗೆ ಮಂಜು ಹರಿದು ಬೆಟ್ಟ ಕಾಣಿಸಿತು. ಮೇಲೆ ಹಿಮವಿದೆಯೇ ಎಂದು ಕೇಳಿದಳು. ಇಲ್ಲ, ಒಳಕಲ್ಲು ತೀರ್ಥದಲ್ಲಿ ಬಂಡೆಯ ಕುಳಿಯೊಳಗೆ ಕೈಯಿಳಿಸಿದರೆ ತಣ್ಣೀರು ಸಿಗುತ್ತದೆ ಎಂದೆವು. ಸಂಕ್ರಾಂತಿ ಕಳೆದ ಮೇಲೆ ಬೆಟ್ಟ ಹತ್ತಿಸಲು ಅಜ್ಜ ಒಪ್ಪಿದ್ದಾರೆ.