ನಾಳೆಯವರೆಗೆ ಕಾಯಿರಿ

ಟೀವಿ ಸುದ್ದಿಯ ಭಾಷೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ಊರಲ್ಲಿ ನಗುತ್ತಾರೆ. ‘ಅದರಲ್ಲಿ ಭಾಷೆ ಎಲ್ಲಿದೆ ಮಾರಾಯ್ತಿ, ಬರೀ ಕಿರುಚಾಟ’ ಎಂದಿದ್ದರು ಚಿಕ್ಕಪ್ಪ. ಕಿರುಚಾಟ ಇನ್ನೂ ಶುರುವಾಗದ ಕಾಲ ಹೇಗಿತ್ತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಸುರೇಂದ್ರ ಪ್ರತಾಪ್ ಸಿಂಗ್. ಹಿಂದಿ ಪತ್ರಿಕೋದ್ಯಮದವರ ಬಾಯಲ್ಲಿ ಬರೀ ‘ಎಸ್‌ಪಿ’.

ಹುಟ್ಟಿದ್ದು 1948ರಲ್ಲಿ, ಉತ್ತರ ಪ್ರದೇಶದ ಗಾಜೀಪುರದ ಕಡೆ. ಬೆಳೆದದ್ದು ಕಲ್ಕತ್ತೆಯ ಹತ್ತಿರ. ‘ಧರ್ಮಯುಗ’ದಲ್ಲಿ ಕೆಲಸ ಕಲಿತು, ‘ರವಿವಾರ್’ ವಾರಪತ್ರಿಕೆಯ ಸಂಪಾದಕರಾಗಿ ಹೆಸರು ಮಾಡಿ, ‘ನವಭಾರತ್ ಟೈಮ್ಸ್’ನಲ್ಲೂ ದುಡಿದವರು. ಅಕ್ಷರದಲ್ಲೇ ಹಣ್ಣಾದ ಈ ಮನುಷ್ಯ ಕ್ಯಾಮೆರಾ ಮುಂದೆ ಕೂತಿದ್ದು ನಡುವಯಸ್ಸು ದಾಟುವಾಗ. 1995ರ ಜುಲೈ 17ರಂದು ದೂರದರ್ಶನದ ಮೆಟ್ರೋ ವಾಹಿನಿಯಲ್ಲಿ ‘ಆಜ್ ತಕ್’ ಆರಂಭವಾಯಿತು. ಆಗ ಅದು ಚಾನೆಲ್ ಅಲ್ಲ, ರಾತ್ರಿಯ ಇಪ್ಪತ್ತು ನಿಮಿಷದ ಕಾರ್ಯಕ್ರಮ. ಗಡ್ಡ, ಕನ್ನಡಕ, ಪಕ್ಕದಲ್ಲಿ ಕೂತು ಮಾತಾಡಿದಂಥ ಹಿಂದಿ. ಸರ್ಕಾರಿ ಸುದ್ದಿಯ ಸಂಸ್ಕೃತಮಯ ಹಿಂದಿಗೆ ಒಗ್ಗಿದ್ದ ಕಿವಿಗಳಿಗೆ ಅದೇ ಹೊಸದು.

ಅದೇ ವರ್ಷ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ. ನಾನಿನ್ನೂ ಹುಟ್ಟಿರಲಿಲ್ಲ. ಅಜ್ಜಿ ಲೋಟ, ಚಮಚ ಹಿಡಿದು ದೇವಸ್ಥಾನದ ಸಾಲಿನಲ್ಲಿ ನಿಂತಿದ್ದನ್ನು ಅಮ್ಮ ಈಗಲೂ ಹೇಳುತ್ತಾಳೆ. ದೇಶವೆಲ್ಲ ಹಾಗೆ ಸಾಲುಗಟ್ಟಿದ್ದಾಗ ಎಸ್‌ಪಿಯವರ ತಂಡ ಚಪ್ಪಲಿ ಹೊಲಿಯುವವನ ಕಬ್ಬಿಣದ ಸಾಧನವೂ ಹಾಲು ‘ಕುಡಿಯುವುದನ್ನು’ ತೋರಿಸಿತು. ಭಕ್ತರನ್ನು ಬೈಯಲಿಲ್ಲ, ಭಾಷಣ ಬಿಗಿಯಲಿಲ್ಲ, ತೋರಿಸಿತು, ಅಷ್ಟೇ. ಈ ಕತೆ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜಿ ಅದನ್ನು ನೋಡಿದ್ದರೂ ಹಾಲು ಕೊಟ್ಟೇ ಬರುತ್ತಿದ್ದಳು, ಆದರೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ’ ಎಂದಳು. ನನ್ನ ಒಂದು ಅಧ್ಯಾಯಕ್ಕಿಂತ ಆ ಮಾತು ದೊಡ್ಡದು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು 59 ಜನ ಸತ್ತರು. ಆ ಸುದ್ದಿಯನ್ನು ಓದಿದ ಕೆಲವೇ ದಿನಗಳಲ್ಲಿ ಎಸ್‌ಪಿ ಮಿದುಳಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದರು; ಜೂನ್ 27ರಂದು ತೀರಿಕೊಂಡರು. ಐವತ್ತೂ ಆಗಿರಲಿಲ್ಲ. ಆ ದುಃಖವೇ ಅವರನ್ನು ಕೊಂದಿತು ಎನ್ನುವವರಿದ್ದಾರೆ. ರಕ್ತನಾಳಕ್ಕೆ ಕತೆ ಕಟ್ಟುವುದು ಸಂಶೋಧಕಿಯ ಕೆಲಸವಲ್ಲ. ಆದರೆ ಜನ ಆ ಕತೆಯನ್ನು ಯಾಕೆ ಉಳಿಸಿಕೊಂಡರು ಎಂದು ಕೇಳುವುದು ನನ್ನದೇ ಕೆಲಸ. ಸಾವಿನ ಸುದ್ದಿ ಓದುವವನಿಗೂ ಏನಾದರೂ ಆಗಬೇಕು ಎಂದು ನೋಡುವವರು ಬಯಸುತ್ತಾರೆ.

ಅದು ನಮ್ಮ ಮನೆಗೂ ಗೊತ್ತು. ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪ ಬಸ್ ಅಪಘಾತದಲ್ಲಿ ಹೋದಾಗ ಶವಾಗಾರದ ಬಾಗಿಲಲ್ಲಿ ಚಿಕ್ಕಮ್ಮ ಅಳುತ್ತಿದ್ದುದನ್ನು ಒಂದು ಚಾನೆಲ್ ಹಿನ್ನೆಲೆ ಸಂಗೀತ ಹಾಕಿ ಇಡೀ ದಿನ ತಿರುಗಿಸಿತು. ಸಂಜೆಗೆ ಅಳು ನಿಲ್ಲಿಸಿದ್ದ ಚಿಕ್ಕಮ್ಮ ಟೀವಿಯಲ್ಲಿ ಇನ್ನೂ ಅಳುತ್ತಲೇ ಇದ್ದಳು.

ಎಸ್‌ಪಿ ಪ್ರತಿ ರಾತ್ರಿ, ಇವು ಇಂದಿನವರೆಗಿನ ಸುದ್ದಿ, ನಾಳೆಯವರೆಗೆ ಕಾಯಿರಿ ಎಂಬರ್ಥದ ಮಾತು ಹೇಳಿ ಏಳುತ್ತಿದ್ದರು. ಅವರ ಕಾರ್ಯಕ್ರಮ 2000ದ ಕೊನೆಯ ದಿನ ಇಪ್ಪತ್ತನಾಲ್ಕು ಗಂಟೆಯ ಚಾನೆಲ್ ಆಯಿತು. ಆಮೇಲೆ ಕಾಯುವ ಪ್ರಮೇಯ ಬರಲಿಲ್ಲ. ಸುದ್ದಿಗೆ ಒಂದು ಮುಕ್ತಾಯವಿದ್ದರೆ ಸತ್ತವರ ಮನೆಯಲ್ಲೂ ದೀಪ ಆರಿಸಿ ಮಲಗಬಹುದು.